ಅಮ್ಮನ ಶೂ ಡಬ್ಬ

ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡೋ ಕೆಲಸ ನನ್ನ ತಲೆಗೆ ಬಿತ್ತು. ನಮ್ಮ ಮನೆಗಳಲ್ಲಿ ಅಟ್ಟ ಅಂದ್ರೆ ಒಂದು ಪುರಾತತ್ವ ಇಲಾಖೆ ಇದ್ದ ಹಾಗೆ. ತಳ ಹೋದ ಬಿಂದಿಗೆ, ಅಪ್ಪನ ಟ್ರಂಕು, ನನ್ನ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡು (ಮಗಳು ನೋಡೋ ಮುಂಚೆ ಜೇಬಿಗೆ ಸೇರಿಸಿದೆ :-) )... ಇವುಗಳ ಮಧ್ಯೆ ಒಂದು ಶೂ ಡಬ್ಬ ಸಿಕ್ಕಿತು. ಅಲ್ಲಾಡಿಸಿದರೆ ಗಲಗಲ ಸದ್ದು. ತೆಗೆದು ನೋಡಿದೆ. ಶೂ ಇಲ್ಲ. ಒಳಗೆ ಹುಣಸೆ ಬೀಜ.

"ಅದನ್ನ ಬಿಸಾಕ್ಬೇಡ ಕಣೋ" ಅಂತ ಅಮ್ಮ ಕೆಳಗಿಂದಲೇ ಕೂಗಿದರು.

ಬೀಜದ ಕಥೆ ಆಮೇಲೆ ಹೇಳ್ತೀನಿ. ಮೊದಲು ಶೂ ಕಥೆ. ಅದನ್ನು ಹೇಳಬೇಕಾದರೆ ಅಪ್ಪನಿಂದ ಶುರು ಮಾಡಬೇಕು.

ನಮ್ಮೂರು ಅರಸೀಕೆರೆ. ಬೆಂಗಳೂರಿಂದ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ರೈಲಲ್ಲಿ ಹೋದವರು ಜಂಕ್ಷನ್ನಿನಲ್ಲಿ ಇಳಿದು ಟೀ ಕುಡಿದಿರ್ತೀರಿ. ಅಪ್ಪ ಬಸ್ ಡ್ರೈವರ್ ಆಗಿದ್ದರು. ಬೆಳಿಗ್ಗೆ ಹತ್ತಿ ಕೂತರೆ ಸಂಜೆವರೆಗೂ ಸ್ಟೀರಿಂಗು. ಮಧ್ಯೆ ಇಳಿದರೆ ಟೀ, ಬೀಡಿ, ಊಟ, ಮತ್ತೆ ಸೀಟು. ರಜೆ ದಿನ "ಬೆನ್ನು ಬಿದ್ದೋಗಿದೆ" ಅಂತ ಮಲಗೋರು. ಅವರ ಜೊತೆ ಹನ್ನೊಂದು ವರ್ಷ ಒಂದೇ ರೂಟಿನಲ್ಲಿ ಇದ್ದ ಕಂಡಕ್ಟರ್ ಒಬ್ಬರು ನಮ್ಮ ಬೀದಿಯವರೇ. ನಮಗೆಲ್ಲ ಅವರು ಕಂಡಕ್ಟರ್ ಮಾವ.

2009ರಲ್ಲಿ ಅಪ್ಪ ಹೋದರು. ಐವತ್ತೈದು ವರ್ಷ. ರಾತ್ರಿ ಊಟ ಮಾಡಿ ಎದೆ ಉರಿ ಅಂದರು. ಗ್ಯಾಸ್ ಇರಬೇಕು ಅಂತ ಸೋಡಾ ತರಿಸಿದೆವು, ಜೀರಿಗೆ ಕಷಾಯ ಆಯ್ತು, ಬೆನ್ನು ನೀವಿದ್ದಾಯ್ತು. ಎರಡು ಗಂಟೆ ಹಾಗೇ ಹೋಯ್ತು. ಹಾಸನ ಮುಟ್ಟೋ ಹೊತ್ತಿಗೆ ಏನೂ ಉಳಿದಿರಲಿಲ್ಲ. (ಮಧ್ಯದಲ್ಲಿ ಒಂದು ಮಾತು ಹೇಳಿಬಿಡ್ತೀನಿ. ಎದೆ ಉರಿ, ಬೆವರು, ಎಡಗೈಗೋ ದವಡೆಗೋ ಹಬ್ಬೋ ನೋವು, ಇವನ್ನು ಗ್ಯಾಸ್ ಅಂತ ನೀವೇ ತೀರ್ಮಾನ ಮಾಡಬೇಡಿ. ಆ ಎರಡು ಗಂಟೆ ನನಗೆ ಇವತ್ತಿಗೂ ನೆನಪಾಗುತ್ತೆ.)

ಕಂಡಕ್ಟರ್ ಮಾವನಿಗೆ ಈಗ ಎಪ್ಪತ್ತು ದಾಟಿದೆ. ಇವತ್ತಿಗೂ ಸೊಪ್ಪು ತರೋಕೆ ಸಂತೆಗೆ ನಡೆದೇ ಹೋಗ್ತಾರೆ.

ಇದನ್ನು ನಾನು ಹಣೆಬರಹ ಅಂತ ಬಿಟ್ಟಿದ್ದೆ. ಬಹಳ ವರ್ಷದ ಮೇಲೆ ಒಂದು ವಿಷಯ ಓದಿದೆ. ಲಂಡನ್ನಿನಲ್ಲಿ ಜೆರಿ ಮಾರಿಸ್ ಅಂತ ಒಬ್ಬ ವೈದ್ಯರಿದ್ದರು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಹೃದಯಾಘಾತ ಜಾಸ್ತಿಯಾಗ್ತಿತ್ತು, ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವರು ಲಂಡನ್ನಿನ ಬಸ್ ನೌಕರರ ಲೆಕ್ಕ ತೆಗೆದರು. ಅಲ್ಲಿಯದು ಡಬಲ್ ಡೆಕ್ಕರ್ ಬಸ್ಸು. ಡ್ರೈವರ್ ಇಡೀ ದಿನ ಕೂತಿರ್ತಾನೆ, ಕಂಡಕ್ಟರ್ ಟಿಕೆಟ್ ಕೊಡ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳೀತಾನೆ. ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಥರದ ಮನೆ. ಆದರೂ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಬಂದರೂ ತಡವಾಗಿ ಬರ್ತಿತ್ತು, ಅಷ್ಟು ಜೋರಾಗಿ ಬರ್ತಿರಲಿಲ್ಲ. 1953ರಲ್ಲಿ ಇದನ್ನು ಪ್ರಕಟಿಸಿದರು. ನಡಿಗೆಗೂ ಹೃದಯಕ್ಕೂ ಇರೋ ನಂಟನ್ನು ಲೆಕ್ಕ ಹಾಕಿ ತೋರಿಸಿದ ಮೊದಲ ದೊಡ್ಡ ಕೆಲಸಗಳಲ್ಲಿ ಅದೂ ಒಂದು. ಮಾರಿಸ್ ಪ್ರಾಮಾಣಿಕ ಮನುಷ್ಯ. ಮೂರು ವರ್ಷದ ನಂತರ ಅವರೇ ಡ್ರೈವರುಗಳ ಯೂನಿಫಾರಂ ಪ್ಯಾಂಟಿನ ಸೊಂಟದಳತೆ ತೆಗೆಸಿ, ಡ್ರೈವರುಗಳು ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದಪ್ಪ ಇರ್ತಿದ್ದರು, ಹಾಗಾಗಿ ಎಲ್ಲವೂ ಸೀಟಿನ ತಪ್ಪಲ್ಲ ಅಂತಲೂ ಬರೆದರು. ಆದರೆ ಮೂಲ ಮಾತು ಉಳೀತು. ಅವರು ಸ್ವತಃ 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು. ಅಪ್ಪ ಹೋದ ವರ್ಷವೇ.

ನಮ್ಮಪ್ಪನ ಒಂದು ಸಾವಿಂದ ಏನನ್ನೂ ಸಾಧಿಸೋಕಾಗಲ್ಲ, ಗೊತ್ತು. ಬೀಡಿ ಇತ್ತು, ಮಾವನಿಗೂ ಈಗ ಬಿಪಿ ಇದೆ. ಆದರೂ ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಹೊಳೆದದ್ದು ಒಂದೇ. ಕಂಡಕ್ಟರ್ ಮಾವನಿಗೆ ಯಾರೂ "ವ್ಯಾಯಾಮ ಮಾಡಿ" ಅಂತ ಹೇಳಿರಲಿಲ್ಲ. ಅವರ ಕೆಲಸವೇ ಅವರನ್ನು ನಡೆಸ್ತಿತ್ತು.

ಇನ್ನು ಅಮ್ಮ.

ನಾನು ಚಿಕ್ಕವನಿದ್ದಾಗ ಅಮ್ಮನೂ ಕಂಡಕ್ಟರೇ. ಬಾವಿಯಿಂದ ನೀರು, ಒಳಕಲ್ಲಲ್ಲಿ ರುಬ್ಬೋದು, ಕಲ್ಲಿನ ಮೇಲೆ ಬಟ್ಟೆ ಒಗೆಯೋದು, ಸೀಮೆಎಣ್ಣೆ ಕ್ಯೂ. ನಾನು ಕೆಲಸಕ್ಕೆ ಸೇರಿದ ಮೇಲೆ ಅಮ್ಮ ಇನ್ನು ಕಷ್ಟಪಡಬಾರದು ಅಂತ ಒಂದೊಂದಾಗಿ ತಂದೆ. ಗ್ರೈಂಡರ್, ಮೋಟರ್, ವಾಷಿಂಗ್ ಮಷೀನ್. ಕೊನೆಗೆ ಟಿವಿಗೆ ಡಿಶ್. ಎಷ್ಟು ಹೆಮ್ಮೆ ನನಗೆ! 2016ರಲ್ಲಿ ಅಮ್ಮನಿಗೆ ಸಕ್ಕರೆ ಕಾಯಿಲೆ ಬಂತು. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಟೆಸ್ಟು 9.2. ಗ್ರೈಂಡರ್ ತಪ್ಪು ಅಂತ ನಾನು ಹೇಳ್ತಿಲ್ಲ. ಅಮ್ಮ ಮತ್ತೆ ಬಾವಿಯಿಂದ ನೀರು ಸೇದಬೇಕು ಅಂತಲೂ ಅಲ್ಲ. ಮೈಯಿಂದ ಒಂದು ಕೆಲಸ ತೆಗೆದುಕೊಂಡ ಮೇಲೆ ಆ ಜಾಗಕ್ಕೆ ಇನ್ನೊಂದು ಇಡಬೇಕಿತ್ತು. ನಾನಿಟ್ಟದ್ದು ಧಾರಾವಾಹಿ.

ಅಮ್ಮ ಒಬ್ಬರೇ ಅಲ್ಲ ಬಿಡಿ. ಐಸಿಎಂಆರ್ ಜೊತೆ ಸೇರಿ ಮಾಡಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತಲ್ಲ, ಅದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನು 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ.

ಡಾಕ್ಟರು ಮಾತ್ರೆ ಬರೆದು "ದಿನಾ ಅರ್ಧ ಗಂಟೆ ವಾಕ್ ಮಾಡಿ" ಅಂದರು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರೋ ಸಕ್ಕರೆಯನ್ನು ತಾವೇ ಎಳೆದುಕೊಂಡು ಉರಿಸ್ತವೆ, ಅದಕ್ಕೆ ಇನ್ಸುಲಿನ್ ನೆರವು ಹೆಚ್ಚು ಬೇಕಾಗಲ್ಲ. ಅದಕ್ಕೇ ಊಟದ ಮೇಲೆ ಹತ್ತು ನಿಮಿಷ ಓಡಾಡಿದರೂ ಲಾಭ. ನಾನು ಇದನ್ನೆಲ್ಲ ಫೋನಿನಲ್ಲಿ ಪಾಠ ಮಾಡಿದೆ. 2017ರ ಯುಗಾದಿಗೆ ಹೋಗುವಾಗ ಒಂದು ಜೊತೆ ಒಳ್ಳೇ ವಾಕಿಂಗ್ ಶೂ ತೆಗೆದುಕೊಂಡು ಹೋದೆ. ಅಮ್ಮ ಮುಟ್ಟಿ ನೋಡಿ, "ಎಷ್ಟು ಕೊಟ್ಟೆ?" ಅಂತ ಕೇಳಿ (ಅರ್ಧ ಬೆಲೆ ಹೇಳಿದೆ, ಆದರೂ ಬೈದರು), ಡಬ್ಬದ ಸಮೇತ ಬೀರು ಮೇಲಿಟ್ಟರು. ಮುಂದಿನ ಯುಗಾದಿಗೆ ಹೋದಾಗಲೂ ಅಲ್ಲೇ ಇತ್ತು. ಡಬ್ಬದ ಮೇಲೆ ಕರೆಂಟ್ ಬಿಲ್ಲುಗಳು ಸೇರಿಕೊಂಡಿದ್ದವು.

ನಾನು ಬಿಡಲಿಲ್ಲ. ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಒಂದು ವಿಡಿಯೋ. ಹೆಜ್ಜೆ ಎಣಿಸೋ ವಾಚು. "ದಿನಾ ಹತ್ತು ಸಾವಿರ ಆಗ್ಬೇಕಮ್ಮ." ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ನನಗೆ ಆಮೇಲೆ ಗೊತ್ತಾಯ್ತು. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಅದಕ್ಕೆ 'ಮಾನ್ಪೊ ಕೆಯ್' ಅಂತ ಹೆಸರಿಟ್ಟಿತು. ಅಂದ್ರೆ ಹತ್ತು ಸಾವಿರ ಹೆಜ್ಜೆ ಮೀಟರ್. ಹೆಸರು ಚೆನ್ನಾಗಿತ್ತು, ಲೋಕಕ್ಕೆಲ್ಲ ಅಂಟಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಹೆಜ್ಜೆ ಲೆಕ್ಕವನ್ನಲ್ಲ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಬಿರುಸಾಗಿ ಮೈ ಆಡಿಸಬೇಕು, ಅಷ್ಟೂ ಆಗದಿದ್ದರೆ ಆದಷ್ಟು ಮಾಡಿ ಅಂತ. ನಾನು ಅಮ್ಮನ ಮುಂದೆ ಹತ್ತು ಸಾವಿರದ ಬೆಟ್ಟ ನಿಲ್ಲಿಸಿ, ಹತ್ತಲ್ಲ ಅಂತ ಬೇಜಾರು ಮಾಡಿಕೊಳ್ತಿದ್ದೆ.

ಕೇಳಿದಾಗಲೆಲ್ಲ ಅಮ್ಮನ ಹತ್ತಿರ ಒಂದೊಂದು ಕಾರಣ. ಮಂಡಿ ನೋವು. ನಾಯಿ ಕಾಟ. ರಸ್ತೆಯಲ್ಲಿ ಲಾರಿ. ಒಂದು ಸಲ "ಕೆಲಸ ಇಲ್ದೆ ಸುಮ್ನೆ ಬೀದಿ ಸುತ್ತೋದಾ? ಯಾರಾದ್ರೂ ಎಲ್ಲಿಗೆ ಹೊರಟ್ರಿ ಅಂದ್ರೆ ಏನ್ ಹೇಳ್ಲಿ?" ಅಂದರು. ನನಗೆ ನಗು ಬಂತು. ಯೋಚನೆ ಮಾಡಿದರೆ ನಗೋ ಮಾತಲ್ಲ. ನಮ್ಮೂರಲ್ಲಿ ಗಂಡಸು ಬೀದಿ ಕೊನೇಲಿ ಸುಮ್ನೆ ನಿಲ್ಲಬಹುದು. ಹೆಂಗಸು ನಡೀಬೇಕು ಅಂದರೆ ಕೈಯಲ್ಲಿ ಒಂದು ಚೀಲವಾದರೂ ಇರಬೇಕು. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ನಮ್ಮ ದೇಶದ ದೊಡ್ಡವರಲ್ಲಿ ಅರ್ಧದಷ್ಟು ಜನ ಬೇಕಾದಷ್ಟು ಮೈ ಆಡಿಸ್ತಿಲ್ಲ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ಈ ಹದಿನೈದರ ಅಂತರವನ್ನು ಬರೀ ಸೋಮಾರಿತನ ಅನ್ನೋಕಾಗುತ್ತಾ?

ನಿಜವಾದ ಕಾರಣ ಮಾತ್ರ ಅಮ್ಮ ನನಗೆ ಹೇಳಲೇ ಇಲ್ಲ. ಹೇಳಿದ್ದು ಮೂಲೆಮನೆ ಟೀಚರ್. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾಗಿ ನಮ್ಮ ಬೀದಿಗೆ ಬಂದವರು. ಒಂದು ಸಲ ಊರಿಗೆ ಹೋದಾಗ ನಾನು ಅವರ ಮುಂದೆ ಅಮ್ಮನ ಬಗ್ಗೆ ದೂರು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಮ್ಮನಿಗೆ ಮಂಡಿ ನೋವಲ್ಲಪ್ಪ. ಬೆಳಿಗ್ಗೆ ಹೊತ್ತು ಎದುರುಗಡೆಯವರು ಕೆಲಸಕ್ಕೆ ಹೊರಡ್ತಾರೆ. ಅವರಿಗೆ ಎದುರು ಬರಬಾರದು ಅಂತ ಬಾಗಿಲೇ ತೆಗೆಯಲ್ಲ" ಅಂದರು.

ನನಗೆ ಅರ್ಥವಾಗೋಕೆ ಒಂದು ನಿಮಿಷ ಬೇಕಾಯ್ತು. ಅಪ್ಪ ಹೋದ ಹೊಸದರಲ್ಲಿ ಅಮ್ಮ ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕ್ತಿದ್ದಾಗ ಬೀದಿಯವರೊಬ್ಬರು ಸ್ಕೂಟರ್ ಸ್ಟಾರ್ಟ್ ಮಾಡಿದವರು, ಅಮ್ಮನನ್ನು ನೋಡಿ ಗಾಡಿ ನಿಲ್ಲಿಸಿ, ಮನೆ ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು ಮತ್ತೆ ಹೊರಟರಂತೆ. ಒಂದು ಮಾತೂ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಅವತ್ತಿಂದ ಅಮ್ಮ ಎಂಟು ಗಂಟೆಗೆ ಮುಂಚೆ ಬಾಗಿಲು ತೆಗೀತಿರಲಿಲ್ಲ. ರಂಗೋಲಿ ಹಾಕೋದೂ ಎಂಟರ ಮೇಲೆ. "ಏನಮ್ಮ, ವಯಸ್ಸಾಯ್ತು ಅಂತ ನಿದ್ದೆ ಜಾಸ್ತಿಯಾಯ್ತಾ?" ಅಂತ ನಾನು ತಮಾಷೆ ಮಾಡ್ತಿದ್ದೆ. ಒಂಬತ್ತು ವರ್ಷ ತಮಾಷೆ ಮಾಡಿದೀನಿ. ಆ ಮನುಷ್ಯನಿಗೆ ಬೆಳಿಗ್ಗೆ ಆರಕ್ಕೆ ಅಮ್ಮ ಎದುರಾಗಬಾರದು, ನನಗೆ ಬೆಳಿಗ್ಗೆ ಆರಕ್ಕೆ ಅಮ್ಮ ವಾಕಿಂಗ್ ಹೋಗಬೇಕು. ಮಧ್ಯದಲ್ಲಿ ಒಂದು ಜೊತೆ ಶೂ!

ಟೀಚರ್ ಉಪದೇಶ ಮಾಡೋ ಪೈಕಿಯಲ್ಲ. 2018ರ ಡಿಸೆಂಬರಿನಲ್ಲಿ ಧನುರ್ಮಾಸ ಶುರುವಾಯ್ತು. ಆ ತಿಂಗಳು ಸೂರ್ಯ ಹುಟ್ಟೋ ಮುಂಚೆ ದೇವಸ್ಥಾನಕ್ಕೆ ಹೋಗೋ ರೂಢಿ ನಿಮಗೆ ಗೊತ್ತು, ಬಿಸಿ ಹುಗ್ಗಿ ಪ್ರಸಾದ ಬೇರೆ. ಅವರು ಐದೂವರೆಗೆ ನಮ್ಮ ಗೇಟಿನ ಹತ್ತಿರ ನಿಂತು ಬೀದಿಗೆಲ್ಲ ಕೇಳೋ ಹಾಗೆ ಕರೆದರಂತೆ. "ಬನ್ನಿ ಬನ್ನಿ, ನಿಮ್ಮ ಮುಖ ನೋಡ್ಕೊಂಡೇ ನಾನು ಹೊರಡೋದು." ಮಾರನೇ ದಿನವೂ ಅದೇ ಮಾತು. ತಿಂಗಳು ಪೂರ್ತಿ ಅದೇ ಮಾತು. ದೇವಸ್ಥಾನಕ್ಕೆ ಹೊರಟವರನ್ನು ಯಾರು ಏನು ಕೇಳ್ತಾರೆ? ಅಮ್ಮನಿಗೆ ಒಂದು ಕಾರಣವೂ ಸಿಕ್ಕಿತು, ಜೊತೆಯೂ ಸಿಕ್ಕಿತು. ಅಲ್ಲಿ ಇಪ್ಪತ್ತೊಂದು ಪ್ರದಕ್ಷಿಣೆ. ಸಂಕ್ರಾಂತಿ ಹೊತ್ತಿಗೆ ಐದು ಜನ ಆಗಿದ್ದರು.

ಸಂಕ್ರಾಂತಿಯಾದ ಮೇಲೆ ಧನುರ್ಮಾಸ ಮುಗೀತು. ದೇವಸ್ಥಾನದ ಬಾಗಿಲು ಮತ್ತೆ ಏಳಕ್ಕೆ. ಐದೂ ಜನಕ್ಕೆ ಬೆಳಿಗ್ಗೆ ಕೈಕಾಲು ಕಟ್ಟಿ ಹಾಕಿದ ಹಾಗೆ ಆಯ್ತಂತೆ. ಆ ಹೊತ್ತಿಗೇ ಇನ್ನೊಂದು ನಡೀತು. ಐವರಲ್ಲಿ ಒಬ್ಬರು ರಿಟೈರ್ಡ್ ನರ್ಸ್. ಅವರು ಒಂದು ದಿನ ಅಮ್ಮನ ಪಾದ ನೋಡಿ ಕೂಗಿಕೊಂಡರು. ಹಿಮ್ಮಡಿ ಹತ್ತಿರ ಚೂಪು ಕಲ್ಲು ತಗುಲಿ ಗಾಯವಾಗಿತ್ತು. ಅಮ್ಮನಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದಾಗ ಕಾಲಿನ ನರಗಳು ಮಂಕಾಗಿ ನೋವು ತಿಳಿಯಲ್ಲ, ಗಾಯ ಬೇಗ ಮಾಯಲ್ಲ. ಬೆರಳು ಕಳೆದುಕೊಂಡವರನ್ನು ಅವರು ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದರು. "ಸಕ್ಕರೆ ಇರೋರು ಬರಿಗಾಲಲ್ಲಿ ಹೀಗೆ ಕಲ್ಲಿನ ಮೇಲೆ ಸುತ್ತೋ ಹಾಗಿಲ್ಲ. ದಿನಾ ರಾತ್ರಿ ಪಾದದ ಅಡಿ ನೋಡ್ಕೊಳ್ಳಿ. ಕಾಣದಿದ್ರೆ ಕನ್ನಡಿ ಇಟ್ಕೊಳ್ಳಿ. ನಾಳೆಯಿಂದ ಚಪ್ಪಲಿನೋ ಶೂನೋ ಹಾಕ್ಕೊಂಡು ನಡೆಯೋ ಜಾಗ ಹುಡುಕಿ" ಅಂದರು.

ಅವತ್ತು ಬೀರು ಮೇಲಿಂದ ಶೂ ಇಳೀತು. ನಾನು ಎರಡು ವರ್ಷ ಕೂಗಿದ್ದಕ್ಕೆ ಇಳಿಯದೇ ಇದ್ದದ್ದು! ಎರಡನೇ ವಾರಕ್ಕೆ ಸೋಲು ಬಾಯಿ ಬಿಟ್ಟಿತು ಅನ್ನೋದು ಬೇರೆ ಮಾತು. ಸುಮ್ಮನೆ ಇಟ್ಟ ಶೂ ಗೋಂದು ಬಿಡುತ್ತಂತೆ. ಅಮ್ಮ ಪೇಟೆಯಲ್ಲಿ ತಾವೇ ಚೌಕಾಸಿ ಮಾಡಿ ಬೇರೆ ತಂದರು. ಡಬ್ಬ ಮಾತ್ರ ಉಳೀತು.

ಜಾಗ ಅಂದರೆ ಹತ್ತಿರದಲ್ಲಿ ಇದ್ದದ್ದು ಒಂದು ಶಾಲೆಯ ಮೈದಾನ. ಸಂಜೆಯಾದರೆ ಗೇಟಿಗೆ ಬೀಗ. ಆದರೂ ಕಾಂಪೌಂಡ್ ಹಾರಿ ಬರೋ ಕುಡುಕರು ಬಾಟಲಿ ಒಡೆದು ಹೋಗೋರು. ಬೆಳಿಗ್ಗೆ ಗೇಟು ತೆಗೆಯೋಕೆ ಅವರಿಗೆ ಹೆದರಿಕೆ, ಏನಾದರೂ ಆದರೆ ಯಾರು ಹೊಣೆ ಅಂತ. ಟೀಚರ್ ಮೂರು ಸಲ ಹೋಗಿ ಮಾತಾಡಿದರು. ನಾವು ಐದೂ ಮುಕ್ಕಾಲಿಗೆ ಬಂದು ಏಳಕ್ಕೆ ಹೊರಡ್ತೀವಿ, ಹೊರಡೋ ಮುಂಚೆ ಮೈದಾನದ ಗಾಜು, ಪ್ಲಾಸ್ಟಿಕ್ ಎತ್ತಿ ಒಂದು ಕಡೆ ಹಾಕ್ತೀವಿ ಅಂತ ಬರೆದುಕೊಟ್ಟರು. ಒಂದು ತಿಂಗಳು ನೋಡೋಣ ಅಂದರು ಶಾಲೆಯವರು. ಬೀಗದ ಕೈ ಯಾರ ಹತ್ತಿರ? ಕಂಡಕ್ಟರ್ ಮಾವನ ಹತ್ತಿರ. ಅವರು ಕೈಯಲ್ಲೊಂದು ಕೋಲು ಹಿಡಿದು (ನಾಯಿಗಳಿಗೆ ತೋರಿಸೋಕೆ ಅಷ್ಟೇ, ಹೊಡೆಯಲ್ಲ) ಎಲ್ಲರಿಗಿಂತ ಮುಂಚೆ ಹೋಗಿ ಗೇಟು ತೆಗೆಯೋರು. ಅಂಗಡಿಯವರೊಬ್ಬರು ತಮ್ಮ ಹೊರಗಿನ ಲೈಟನ್ನು ಆರು ಗಂಟೆವರೆಗೂ ಆರಿಸಲ್ಲ ಅಂತ ಒಪ್ಪಿಕೊಂಡರು. ಇಷ್ಟೇ ವ್ಯವಸ್ಥೆ. ಯಾರೂ ರಿಬ್ಬನ್ ಕತ್ತರಿಸಲಿಲ್ಲ, ಬ್ಯಾನರ್ ಕಟ್ಟಲಿಲ್ಲ. 2019ರ ಆಗಸ್ಟ್ 29ಕ್ಕೆ ದೆಹಲಿಯಲ್ಲಿ ಫಿಟ್ ಇಂಡಿಯಾ ಶುರುವಾದಾಗ ನಾನು ಉತ್ಸಾಹದಿಂದ ಅಮ್ಮನಿಗೆ ಸುದ್ದಿ ಕಳಿಸಿದೆ. "ನಾವು ಆಗಲೇ ಹದಿನಾಲ್ಕು ಜನ ಆಗಿದೀವಿ ಕಣೋ" ಅಂತ ಉತ್ತರ ಬಂತು.

ಅವರದು ಮೂರು ನಿಯಮ. ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಒಂದು, ಯಾರ ದಪ್ಪ-ಸಣ್ಣದ ಬಗ್ಗೆಯೂ ಮಾತಾಡೋ ಹಾಗಿಲ್ಲ. ಎರಡು, ದುಡ್ಡು ಎತ್ತೋ ಹಾಗಿಲ್ಲ (ಚೀಟಿ ವ್ಯವಹಾರ ಶುರು ಮಾಡೋಣ ಅಂತ ಒಬ್ಬರು ಹೇಳಿ ಬೈಸಿಕೊಂಡರಂತೆ). ಮೂರು, ಯಾರಾದರೂ ಎರಡು ದಿನ ಬರದಿದ್ದರೆ ಮನೆಗೆ ಹೋಗುವಾಗ ಅವರ ಬಾಗಿಲಲ್ಲಿ ನಿಂತು ಹೋಗಬೇಕು. ಯಾಕೆ ಬರಲಿಲ್ಲ ಅಂತ ಕೇಳೋ ಹಾಗಿಲ್ಲ, "ಹೇಗಿದ್ದೀರಿ" ಅಂತ ಕೇಳಬೇಕು. ನನ್ನ ಫೋನಿನಲ್ಲಿರೋ ಆ್ಯಪ್ ದಿನಾ "ನೀವು ಗುರಿ ಮುಟ್ಟಿಲ್ಲ" ಅನ್ನುತ್ತೆ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಗುಂಪಿನಲ್ಲಿ ಒಬ್ಬ ಅಜ್ಜಿ ಇದ್ದರು. ಮಂಡಿ ಪೂರ್ತಿ ಸವೆದು ನಡೆಯೋಕಾಗ್ತಿರಲಿಲ್ಲ. ಸೊಸೆ ಜೊತೆ ಬಂದು ಕಟ್ಟೆ ಮೇಲೆ ಕೂತುಕೊಳ್ಳೋರು. ಸುಮ್ಮನೆ ಕೂರೋದು ಬೇಡ ಅಂತ ನರ್ಸಮ್ಮ ಅವರಿಗೆ ಕೂತಲ್ಲೇ ಕಾಲು ಚಾಚಿ ಎತ್ತಿ ಇಳಿಸೋದು, ಕೈ ಮೇಲೆತ್ತೋದು ಹೇಳಿಕೊಟ್ಟರು. ಅಜ್ಜಿ ಇನ್ನೊಂದು ಕೆಲಸ ತಾವೇ ವಹಿಸಿಕೊಂಡರು. ಹುಣಸೆ ಬೀಜ ತಂದು, ಒಬ್ಬೊಬ್ಬರ ಹೆಸರಿಗೆ ಒಂದೊಂದು ಗುಡ್ಡೆ ಮಾಡಿ, ಒಂದು ಸುತ್ತಿಗೆ ಒಂದು ಬೀಜ ಇಡೋರು. "ಏಯ್, ನಿಂದು ಇನ್ನೂ ಆರೇ!" ಅಂತ ಕೂಗೋರು. ಅವರ ಲೆಕ್ಕ ತಪ್ಪಿಸೋಕೆ ಯಾರಿಂದಲೂ ಆಗ್ತಿರಲಿಲ್ಲ. ಬೀಜ ಇಟ್ಟುಕೊಳ್ಳೋಕೆ ಅಮ್ಮ ಆ ಶೂ ಡಬ್ಬ ಕೊಟ್ಟಿದ್ದರು.

ನಡಿಗೆಯಿಂದ ಶುರುವಾದದ್ದು ಅಡಿಗೆಮನೆಗೂ ಬಂತು. ಮೊದಮೊದಲು ಯಾರದೋ ಹುಟ್ಟುಹಬ್ಬ, ಯಾರದೋ ಮೊಮ್ಮಗನ ನಾಮಕರಣ ಅಂತ ವಾಕಿಂಗ್ ಮುಗಿಸಿ ಕೇಸರಿಬಾತ್ ತಿನ್ನೋರಂತೆ! ನರ್ಸಮ್ಮ ಒಂದು ದಿನ ತಲೆ ಚಚ್ಚಿಕೊಂಡ ಮೇಲೆ ಕೇಸರಿಬಾತ್ ಹೋಗಿ ಹೆಸರುಬೇಳೆ ಕೋಸಂಬರಿ ಬಂತು. ಸಕ್ಕರೆ ಇರೋರು ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು ಅನ್ನೋ ನಂಬಿಕೆ ನಮ್ಮ ಕಡೆ ಜೋರಾಗಿದೆ. ರಾಗಿ ಒಳ್ಳೇದೇ, ಆದರೆ ಅದೂ ಹಿಟ್ಟೇ, ಒಂದಕ್ಕೆ ಎರಡು ನುಂಗಿದರೆ ಸಕ್ಕರೆ ಏರೇ ಏರುತ್ತೆ ಅಂತ ಅವರು ಬಿಡಿಸಿ ಹೇಳಿದರು. ಈಗ ಅಮ್ಮನ ತಟ್ಟೆಯಲ್ಲಿ ಒಂದು ಚಿಕ್ಕ ಮುದ್ದೆ, ಅದರ ಎರಡರಷ್ಟು ಸೊಪ್ಪು-ತರಕಾರಿ.

ಒಂದು ವರ್ಷದಲ್ಲಿ ಅಮ್ಮನ 9.2 ಇಳಿದು 7.3ಕ್ಕೆ ಬಂತು. ಮಾತ್ರೆ ನಿಂತಿಲ್ಲ, ನಿಲ್ಲಿಸಿಯೂ ಇಲ್ಲ. ನಡೆದರೆ ಮಾತ್ರೆ ಬೇಡ ಅಂತ ಯಾರಾದರೂ ಫಾರ್ವರ್ಡ್ ಕಳಿಸಿದರೆ ನಂಬಬೇಡಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳೋರು ಡಾಕ್ಟರನ್ನು ಕೇಳಿಯೇ ಶುರು ಮಾಡಿ, ಸಕ್ಕರೆ ಇದ್ದಕ್ಕಿದ್ದಂತೆ ಇಳಿದರೆ ಇರಲಿ ಅಂತ ಜೇಬಲ್ಲೊಂದು ಪೆಪ್ಪರ್‌ಮಿಂಟ್ ಇಟ್ಟುಕೊಳ್ಳಿ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಮೈದಾನಕ್ಕೆ ಮತ್ತೆ ಬೀಗ ಬಿತ್ತು. ಅವರವರ ತಾರಸಿ ಮೇಲೆ, ಅಂಗಳದಲ್ಲಿ, ಫೋನು ಕಿವಿಗಿಟ್ಟುಕೊಂಡು ಒಟ್ಟಿಗೇ ನಡೆದರು. 2021ರ ಮೇ ತಿಂಗಳಲ್ಲಿ ಬೀಜದ ಅಜ್ಜಿ ಹೋದರು. ಯಾರೂ ಹೋಗಿ ಮುಖ ನೋಡೋ ಹಾಗಿರಲಿಲ್ಲ. ಮತ್ತೆ ಗೇಟು ತೆಗೆದ ದಿನ ಎಲ್ಲರೂ ಬಂದರಂತೆ, ಯಾರೂ ಸುತ್ತು ಎಣಿಸಲಿಲ್ಲವಂತೆ. ಅಜ್ಜಿಯ ಸೊಸೆ ಡಬ್ಬ ತಂದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದನ್ನು ಅಟ್ಟಕ್ಕೆ ಹಾಕಿದರು. ಈಗಲೂ ಅವರು ಹೊತ್ತು ನೋಡಿಕೊಂಡು ನಡೀತಾರೆ, ಎಣಿಸಲ್ಲ.

ಹಬ್ಬದ ಮಾರನೇ ದಿನ ನಾನೂ ಅವರ ಜೊತೆ ಹೋದೆ. ಅಮ್ಮನಿಗೆ ಈಗ ಅರವತ್ತೇಳು. ಐದೂವರೆಗೆ ಬಾಗಿಲು ತೆಗೆದು, ರಂಗೋಲಿ ಹಾಕಿ, ಗೇಟಿನ ಹತ್ತಿರ ನಿಂತಿದ್ದರು. ಬೀದಿಯಲ್ಲಿ ಬರ್ತಾ ಇದ್ದ ಸ್ಕೂಟರಿನವರು "ಏನಮ್ಮ, ಮಗ ಬಂದಿದಾರಾ?" ಅಂತ ಮಾತಾಡಿಸಿಯೇ ಹೋದರು. ಅವತ್ತು ನೀರು ಕುಡಿದು ಹೊರಟವರು ಇವರೇನಾ ಅಂತ ಅಮ್ಮನನ್ನು ಕೇಳಿದೆ. "ಯಾವ ಕಾಲದ್ದು ಬಿಡೋ ಅದು" ಅಂದರು. ಅವರೇ ಇರಬೇಕು. ಅವರ ಹೆಂಡತಿ ಈಗ ಗುಂಪಿನಲ್ಲಿದ್ದಾರೆ.

ಮೈದಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಸೀರೆ, ಚೂಡಿದಾರ್, ಮಫ್ಲರ್, ಒಬ್ಬರು ನೈಟಿ ಮೇಲೆ ಸ್ವೆಟರ್. ಬಾಟಲಿಗಳು ಪೂರ್ತಿ ನಿಂತಿಲ್ಲವಂತೆ, ಕಡಿಮೆಯಾಗಿವೆ. ಗಾಜಿಲ್ಲದ ಕಡೆ ಶಾಲೆಯ ಹೆಣ್ಣುಮಕ್ಕಳಿಗೆ ಖೋ ಖೋ ಅಂಕಣ ಎಳೆದಿದ್ದರು. ನಾಲ್ಕನೇ ಸುತ್ತಿಗೆ ನನಗೆ ಉಸಿರು ಬಂತು. ಅಮ್ಮ ಮಾತಾಡ್ತಾ ನನ್ನನ್ನು ದಾಟಿ ಹೋದರು. ಯಾರದೋ ಮಗಳ ಮದುವೆ ಮುರಿದ ಸುದ್ದಿ, ಅರ್ಧಕ್ಕೆ ಬಿಡೋ ಹಾಗಿಲ್ಲವಲ್ಲ. ಆ ಸುದ್ದಿಯೂ ವ್ಯಾಯಾಮದ ಒಂದು ಭಾಗ ಅಂತ ನನಗೀಗ ಅನ್ನಿಸುತ್ತೆ. ನಾಳೆ ಮುಂದಿನ ಕಂತು ಕೇಳೋಕಾದರೂ ಬರಬೇಕು.

ನಾಚಿಕೆ ಬಿಟ್ಟು ಇನ್ನೊಂದು ಹೇಳ್ತೀನಿ. ಕಳೆದ ವರ್ಷದ ಟೆಸ್ಟಿನಲ್ಲಿ ನನ್ನ ಖಾಲಿಹೊಟ್ಟೆ ಸಕ್ಕರೆ 112 ಬಂದಿತ್ತು. ಅಂದರೆ ನಾನೂ ಆ ಹೊಸ್ತಿಲಲ್ಲೇ ನಿಂತವನು. ಕೂತು ಮಾಡೋ ಕೆಲಸ. ಸ್ಟೀರಿಂಗ್ ಬದಲು ಕೀಬೋರ್ಡು, ಅಷ್ಟೇ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಳ್ಳೇ ಜಿಮ್ ಇದೆ. ಟ್ರೆಡ್‌ಮಿಲ್ ಮೇಲೆ ಯಾರದೋ ಟವಲ್ಲು ಒಣಗ್ತಿರುತ್ತೆ. ಹತ್ತಿರದಲ್ಲಿ ಪಾರ್ಕಿದೆ. ನಗರದ ಪಾರ್ಕುಗಳಿಗೆ ಮಧ್ಯಾಹ್ನ ಬೀಗ ಹಾಕ್ತಿದ್ದದ್ದನ್ನು 2024ರಲ್ಲಿ ಬದಲಿಸಿ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡೋಕೆ ಹೇಳಿದರು. ಅಂದ್ರೆ ಜಾಗವೂ ಇತ್ತು, ಸಮಯವೂ ಇತ್ತು, ಶೂ ಮೂರು ಜೊತೆ ಇತ್ತು. ಇಲ್ಲದೇ ಇದ್ದದ್ದು ಗೇಟಿನ ಹತ್ತಿರ ನಿಂತು ಕರೆಯೋ ಒಬ್ಬ ಮನುಷ್ಯ.

ಹಾಗಾಗಿ ಊರಿಂದ ಬಂದ ವಾರ ನಾನೇ ಮೂರನೇ ಮಹಡಿಯ ಒಬ್ಬರ ಬಾಗಿಲು ತಟ್ಟಿದೆ. ಲಿಫ್ಟಿನಲ್ಲಿ ನಾಲ್ಕು ವರ್ಷದಿಂದ ಬರೀ ತಲೆಯಾಡಿಸ್ತಿದ್ದ ಪರಿಚಯ. ಅವರ ಹೆಂಡತಿ ಹೋಗಿ ಆರು ತಿಂಗಳಾಗಿತ್ತಂತೆ, ನನಗೆ ಗೊತ್ತೇ ಇರಲಿಲ್ಲ. "ನಾಳೆ ಬೆಳಿಗ್ಗೆ ಪಾರ್ಕಿಗೆ ಹೋಗೋಣ್ವಾ? ಒಬ್ಬನಿಗೇ ಬೇಜಾರು" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ "ಎಷ್ಟು ಗಂಟೆಗೆ?" ಅಂದರು. ಆರೋಗ್ಯ, ಸಕ್ಕರೆ, 150 ನಿಮಿಷ ಯಾವುದನ್ನೂ ಹೇಳಬೇಕಾಗಲಿಲ್ಲ.

ನಿಮ್ಮನೆಯಲ್ಲೂ ಬೀರು ಮೇಲೆ ಒಂದು ಶೂ ಡಬ್ಬ ಇರಬಹುದು. ಇದ್ದರೆ ಯಾಕೆ ಹಾಕ್ಕೊಳ್ಳಲ್ಲ ಅಂತ ಬೈಯಬೇಡಿ. ಯಾಕೆ ಹೊರಗೆ ಹೋಗೋಕಾಗ್ತಿಲ್ಲ ಅಂತ ಮೆತ್ತಗೆ ಕೇಳಿ. ಮೊದಲ ಉತ್ತರ ಮಂಡಿ ನೋವು ಅಂತಲೇ ಬರುತ್ತೆ. ಇನ್ನೊಂದು ಸಲ ಕೇಳಿ. ನಿಮಗೆ ಹೇಳದಿದ್ದರೆ ಪಕ್ಕದ ಮನೆಯವರಿಗೆ ಹೇಳಿರ್ತಾರೆ, ಅವರನ್ನು ಕೇಳಿ.

ಹೊತ್ತಾಯ್ತು, ಮಲಗಬೇಕು. ನಾಳೆ ಬೆಳಿಗ್ಗೆ ಐದೂ ಮುಕ್ಕಾಲಿಗೆ ಮೂರನೇ ಮಹಡಿಯವರು ಗೇಟಿನ ಹತ್ತಿರ ಕಾಯ್ತಿರ್ತಾರೆ. ಮೊನ್ನೆ ನಾನು ಹೋಗದಿದ್ದಾಗ ಸಂಜೆ ಬಂದು ಬೆಲ್ ಮಾಡಿ "ಹೇಗಿದ್ದೀರಿ?" ಅಂತ ಕೇಳಿ ಹೋದರು. ಈ ನಿಯಮ ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ.